ಮೇಷ್ಟ್ರ ಮನೆಯ ಅಪ್ಪಣೆ ಹಲಗೆ

ನಮ್ಮೂರಿನ ಬಾಗಿಲುಗಳಿಗೆ ಚಿಲಕವಿಲ್ಲ, ಒಲೆಗಳಿಗೆ ಬೆಂಕಿಪೊಟ್ಟಣ ಬೇಕಿಲ್ಲ, ಬಾವಿಗಳಿಗೆ ಹಗ್ಗವೂ ಇಲ್ಲ. ಪ್ರತಿ ಮನೆಯ ಹೊಸ್ತಿಲ ಪಕ್ಕದಲ್ಲಿ, ಒಳಗೊಂದು ಹೊರಗೊಂದು, ಅಪ್ಪಣೆ ಹಲಗೆ ಇರುತ್ತದೆ. ಕಪ್ಪು ಹಲಗೆ, ಅದರ ಕೆಳಗೆ ಅಕ್ಷರದ ಗುಂಡಿಗಳು. ಏನಾಗಬೇಕೋ ಅದನ್ನು ಬರೆದರೆ ಮನೆ ಮಾಡುತ್ತದೆ, ಬರೆಯದಿದ್ದರೆ ಇಲ್ಲ. ಪರವೂರಿನ ನೆಂಟರು ಮೊದಲ ದಿನ ಬಾಗಿಲು ತಳ್ಳಿ ತಳ್ಳಿ ಭುಜ ನೋಯಿಸಿಕೊಳ್ಳುತ್ತಾರೆ. ಎರಡನೇ ದಿನ ತೆಪ್ಪಗೆ ಬರೆಯುತ್ತಾರೆ.

ಆದರೆ ದಿನಕ್ಕೆ ನಲವತ್ತು ಸಲ ಪೂರ್ತಿ ಬರೆಯುವ ವ್ಯವಧಾನ ಯಾರಿಗಿದೆ? ಗುಂಡಿಗಳ ಎಡತುದಿಯಲ್ಲಿ ಉದ್ದನೆಯದೊಂದು ಗುಂಡಿಯಿದೆ, ಅದು ಟ್ಯಾಬ್. ಮೊದಲ ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದ ಸಾಲನ್ನು ಮನೆಯೇ ತುಂಬಿಕೊಂಡು ಕೆಲಸಕ್ಕೆ ಹೊರಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಾಲು ಬರಬೇಕು ಎಂಬುದು ಹಲಗೆಯನ್ನು ತಿದ್ದಿದ ರೀತಿಯ ಮೇಲೆ ನಿಂತಿದೆ. ಹಾಗೆ ತಿದ್ದುವುದು ನನ್ನ ಕಸುಬು. ಮೊದಲು ನಮ್ಮಮ್ಮ ಮಾಡುತ್ತಿದ್ದಳು, ಈಗ ನಾನು. ಹಲಗೆ ನಾಗವೇಣಿ ಎಂದರೆ ಊರಿನ ನಾಯಿಗಳಿಗೂ ಗೊತ್ತು.

ಈ ಕಸುಬಿನಲ್ಲಿ ಜನರ ಗುಣ ತಿಳಿದಷ್ಟು ಮದುವೆ ದಲ್ಲಾಳಿಗೂ ತಿಳಿಯಲಿಕ್ಕಿಲ್ಲ. ಒಬ್ಬರಿಗೆ ಹ್ರಸ್ವ ದೀರ್ಘ ತಪ್ಪಿದರೂ ಮನೆ ಕ್ಷಮಿಸಬೇಕು. ದಿಪ ಎಂದು ಬರೆದರೂ ದೀಪವೇ ಹತ್ತಬೇಕು. ಇನ್ನೊಬ್ಬರಿಗೆ, ಒಂದು ಅಕ್ಷರಕ್ಕೆ ಎರಡು ಮೂರು ಸಾಲು ಹೊಂದಿದರೆ ಮನೆ ತಾನೇ ಆರಿಸಬಾರದು, ಟಣ್ ಎಂದು ಗಂಟೆ ಬಾರಿಸಿ ಎಲ್ಲವನ್ನೂ ಪಟ್ಟಿ ಮಾಡಿ ತೋರಿಸಬೇಕು. ಮತ್ತೊಬ್ಬರಿಗೆ ಮಗು ಮಲಗಿರುವುದರಿಂದ ಗಂಟೆ ಬೇಡವೇ ಬೇಡ. ಗಂಡಹೆಂಡಿರಿಬ್ಬರೂ ಒಂದೇ ಅಕ್ಷರಕ್ಕೆ ಜಗಳವಾಡಿ ನನ್ನನ್ನು ಕರೆಸಿದ್ದೂ ಉಂಟು. ನಮ್ಮಮ್ಮ ನನಗೆ ಎರಡೇ ಕಟ್ಟಳೆ ಹೇಳಿಕೊಟ್ಟಿದ್ದಳು. ಕರೆದವರ ಮಾತು ಕೇಳಿ ತಿದ್ದು, ಹಲಗೆಯಲ್ಲಿ ಕಂಡದ್ದನ್ನು ಇನ್ನೊಂದು ಕಿವಿಗೆ ಹಾಕಬೇಡ. ಮೊದಲನೆಯದು ನನ್ನನ್ನು ಕೆಡಿಸಿತು, ಎರಡನೆಯದು ನನ್ನ ಬಾಯಿ ಕಟ್ಟಿಹಾಕಿತು.

ಊರಿನಲ್ಲಿ ನಾನು ಮುಟ್ಟದ ಹಲಗೆಯೆಂದರೆ ಪಾಲಾಕ್ಷಪ್ಪ ಮೇಷ್ಟ್ರ ಮನೆಯದು ಮಾತ್ರ. ಮೇಷ್ಟ್ರು ಅದನ್ನು ತಾವೇ ತಿದ್ದಿಕೊಂಡಿದ್ದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರು, ನನಗೂ ಅವರೇ ಕಲಿಸಿದ್ದು. ಅವರು ತೀರಿಕೊಂಡಾಗ ಪದ್ಧತಿಯಂತೆ ಹನ್ನೊಂದನೇ ದಿನ ನಾನು ಹೋದೆ. ಸತ್ತವರ ಬಟ್ಟೆ ದಾನ ಮಾಡುವಂತೆ ಅವರ ಸಾಲುಗಳನ್ನೂ ಹಲಗೆಯಿಂದ ತೆಗೆಯುವುದು ನಮ್ಮೂರಿನ ಪದ್ಧತಿ. ಇಲ್ಲವಾದರೆ ಒಂದಕ್ಷರ ಒತ್ತಿದ ಕೂಡಲೇ ಹೋದವರ ಮಾತು ಎದ್ದು ಬರುತ್ತದೆ, ಮನೆಯವರ ಕರುಳು ಕಿವುಚುತ್ತದೆ. ಆದರೆ ಮೇಷ್ಟ್ರ ಹೆಂಡತಿ ಹಾಲಮ್ಮನವರು ಹಲಗೆಗೆ ಅಡ್ಡ ನಿಂತು, ಇರಲಿ ಬಿಡು ಎಂದರು. ಗಂಡನ ಮೇಲಿನ ಪ್ರೀತಿ ಎಂದರೆ ಹೀಗಿರಬೇಕು ಎಂದು ನಾನೇ ನಾಲ್ಕು ಮನೆಗಳಲ್ಲಿ ಕೂತು ಕಣ್ಣೊರೆಸಿಕೊಂಡು ಹೊಗಳಿ ಬಂದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದಾಗಿ ಒಂದು ವರ್ಷಕ್ಕೆ ಮಗ ಕೊಟ್ರೇಶ ಮದುವೆಯಾದ. ಅವನು ಹಾಲಿನ ವ್ಯಾನು ಓಡಿಸುತ್ತಾನೆ. ವ್ಯಾನಿಗಿಂತ ಕಡಿಮೆ ಮಾತಾಡುತ್ತಾನೆ. ಹೆಂಡತಿ ಸೌಭಾಗ್ಯ ಪರವೂರಿನ ಹುಡುಗಿ, ಬಾಗಿಲನ್ನು ಕೈಯಿಂದ ತಳ್ಳುವ ಊರಿನವಳು. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಬಂದ ಆರು ತಿಂಗಳಲ್ಲಿ ಮೂರು ಬೀದಿಯ ಹೆಂಗಸರು ರವಿಕೆ ಹೊಲಿಸಲು ಅವಳನ್ನೇ ಹುಡುಕಿಕೊಂಡು ಬರತೊಡಗಿದರು. ಹೆಂಗಸರು ಬರುವುದು ಮನೆಗೆಲಸ ಮುಗಿಸಿ, ಸಂಜೆ ಆರರ ಮೇಲೆ. ಆರಕ್ಕೆ ಸರಿಯಾಗಿ ಹಾಲಮ್ಮನವರು ಎದ್ದು ಒಳಹಲಗೆಯಲ್ಲಿ ಮು ಎಂದು ಬರೆದು ಟ್ಯಾಬ್ ಒತ್ತುತ್ತಿದ್ದರು. ಮುಂಬಾಗಿಲು ಮುಚ್ಚಿ ಬೆಳಗಿನವರೆಗೆ ತೆರೆಯಬೇಡ ಎಂಬ ಮೇಷ್ಟ್ರ ಸಾಲು ಎದ್ದು ಬಂದು ಬಾಗಿಲು ಧಡಾರನೆ ಬೀಳುತ್ತಿತ್ತು. ಒಮ್ಮೆ ಒಬ್ಬ ಹೆಂಗಸಿನ ಸೆರಗು ಬಾಗಿಲಿಗೆ ಸಿಕ್ಕಿ, ಅವಳು ಹೊರಗೆ ಸೆರಗು ಒಳಗೆ ಎಂಬಂತಾಗಿ ಬೀದಿಯೆಲ್ಲ ನಕ್ಕಿತು.

ಸೌಭಾಗ್ಯ ಪೂರ್ತಿ ಸಾಲು ಬರೆದು ಮತ್ತೆ ಬಾಗಿಲು ತೆರೆಯುವಳು. ಮಾರನೆಯ ದಿನ ಆರಕ್ಕೆ ಮತ್ತೆ ಅದೇ ಕತೆ. ಅತ್ತೆ ಬೇಕೆಂದೇ ಮಾಡುತ್ತಾರೆ ಎಂದು ಅವಳಿಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ, ನನಗೂ ಹಾಗೇ ಅನಿಸಿತ್ತು. ಕೊನೆಗೆ ಅವಳು ನನ್ನನ್ನು ಕರೆಸಿದಳು. ಈ ಮನೆಯಲ್ಲಿ ಯಾವ ಅಕ್ಷರ ಒತ್ತಿದರೂ ಮಾವನವರೇ ಬರುತ್ತಾರೆ, ನಾನೆಲ್ಲಿದ್ದೇನೆ ಅಂತ ಹುಡುಕಬೇಕು ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಹೊಸದಾಗಿ ಬರೆದ ಸಾಲುಗಳು ಮೊದಲು ಬರುವಂತೆ ತಿದ್ದಿಕೊಡಬೇಕು ಎಂಬುದು ಅವಳ ಬೇಡಿಕೆ.

ಹಾಲಮ್ಮನವರು ಅಲ್ಲೇ ಜಗಲಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದರು. ತಿದ್ದಿಸಲೇ ಅತ್ತೆ ಎಂದು ಸೌಭಾಗ್ಯ ಕೇಳಿದಾಗ ಅವರ ಬೆರಳು ದಾರದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ, ನಿನ್ನದೇ ಮನೆ, ಮಾಡಿಸಿಕೋ ಎಂದರು. ಮುನಿಸಿನ ಮಾತು ಎಂದುಕೊಂಡೆವು. ನಾನು ಸೌಭಾಗ್ಯಳ ಸಾಲುಗಳನ್ನು ಮುಂದೆ ತಂದು ಮೇಷ್ಟ್ರ ಸಾಲುಗಳನ್ನು ಹಿಂದಕ್ಕೆ ಸರಿಸಿದೆ. ಎರಡನೇ ಅಕ್ಷರವನ್ನೂ ಬರೆದರೆ ಹಳೆಯ ಸಾಲು ಬರುತ್ತದೆ, ಎಲ್ಲೂ ಹೋಗಿಲ್ಲ ಎಂದು ಹಾಲಮ್ಮನವರಿಗೆ ಸಮಾಧಾನ ಹೇಳಿದೆ. ಅವರು ತಲೆಯಾಡಿಸಿದರು. ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯಲ್ಲಿ ಕಾಫಿ ಕುಡಿದು ಮನೆಗೆ ಬಂದೆ.

ಅನಾಹುತವಾದದ್ದು ಮರುದಿನ ಮಂಗಳವಾರ. ಸೌಭಾಗ್ಯ ರೇಷ್ಮೆಗೆ ಹೊಂದುವ ದಾರ ತರಲು ಪೇಟೆಗೆ ಹೋಗಿದ್ದಳು. ಹಾಲಮ್ಮನವರು ಗುಡಿಗೆ ಹೂ ಕೊಟ್ಟು ಹನ್ನೆರಡು ಗಂಟೆಗೆ ವಾಪಸು ಬಂದರು. ಹೊರಹಲಗೆಯಲ್ಲಿ, ನಲವತ್ತು ವರ್ಷ ಮಾಡಿದಂತೆ, ಬಾ ಎಂದು ಬರೆದು ಟ್ಯಾಬ್ ಒತ್ತಿದರು. ಮೇಷ್ಟ್ರ ಕಾಲದಲ್ಲಿ ಅದಕ್ಕೆ ಬಾಗಿಲು ತೆರೆ ಎಂಬ ಸಾಲು ಬರುತ್ತಿತ್ತು. ಈಗ ಬಂದದ್ದು ಸೌಭಾಗ್ಯಳ ಸಾಲು, ಬಾವಿ ನೀರು ತೊಟ್ಟಿಗೆ ಹತ್ತಿಸು. ರವಿಕೆಯ ಒಳಪದರದ ಬಟ್ಟೆಯನ್ನು ಹೊಲಿಯುವ ಮುಂಚೆ ನೆನೆಹಾಕಬೇಕಲ್ಲ, ಅದಕ್ಕಾಗಿ ದಿನವೂ ಅವಳು ಬರೆಯುತ್ತಿದ್ದ ಸಾಲು ಅದು. ಬಾಗಿಲು ತೆರೆಯಲಿಲ್ಲ. ಹಿತ್ತಲಲ್ಲಿ ನೀರು ಏರಿತು.

ಮೂರು ಗಂಟೆಗೆ ಸೌಭಾಗ್ಯ ಬಂದಾಗ ಅತ್ತೆ ಸುಡುಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಬೀದಿಯ ಜನ ಅಲ್ಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ನೋಡಿದರೆ ತೊಟ್ಟಿ ತುಂಬಿ ಹರಿದು, ಹಿತ್ತಲಿಗಿಂತ ತಗ್ಗಿನಲ್ಲಿದ್ದ ಹೊಲಿಗೆಯ ಕೋಣೆಯಲ್ಲಿ ಮೊಣಕಾಲಷ್ಟು ನೀರು. ಮದುವಣಗಿತ್ತಿಯೊಬ್ಬಳ ನಾಲ್ಕು ರೇಷ್ಮೆ ರವಿಕೆ, ಕಸೂತಿ ಮುಗಿದು ಗುಂಡಿ ಹಾಕುವುದಷ್ಟೇ ಬಾಕಿಯಿದ್ದವು, ಕೆಂಪು ಹಸಿರಿಗೆ ಹತ್ತಿ ಹಸಿರು ಹಳದಿಗೆ ಹತ್ತಿ ತೇಲುತ್ತಿದ್ದವು. ಹೊರಗೆ ಯಾಕೆ ಕೂತಿದ್ದಿರಿ ಎಂದರೆ ಹಾಲಮ್ಮನವರು ಗಾಳಿಗೆ ಕೂತಿದ್ದೆ ಎಂದರು. ನೀರು ಯಾಕೆ ಬಿಟ್ಟಿರಿ ಎಂದರೆ ಗೊತ್ತಿಲ್ಲ ಎಂದರು. ಹೊರಹಲಗೆಯ ಮೇಲೆ ಒಂದರ ಕೆಳಗೊಂದು, ಮೇಲಿನಿಂದ ಕೆಳಗಿನವರೆಗೆ, ನೀರು ಹತ್ತಿಸು ಎಂಬ ಸಾಲುಗಳೇ ಇದ್ದವು. ಕಣ್ಣಾರೆ ಕಂಡ ಮೇಲೆ ಇನ್ನೇನು ಸಾಕ್ಷಿ ಬೇಕು?

"ನಾನು ಈ ಮನೇಲಿ ಇರೋದು ಬೇಡ ಅಂತ ಬಾಯಲ್ಲಿ ಹೇಳಿದ್ರೆ ಸಾಕಿತ್ತು ಅತ್ತೆ," ಎಂದಳು ಸೌಭಾಗ್ಯ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಪಕ್ಕದ ಮನೆಯವರು ಹೇಳಿದರು. ಹಾಲಮ್ಮನವರು ಬಟ್ಟೆ ಹಿಂಡಲು ಕೂತರು. ಸೌಭಾಗ್ಯ ಅವರ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಸೋಮವಾರ ತವರಿಗೆ ಹೊರಡುವುದಾಗಿಯೂ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲವೆಂದೂ, ಬೇಕಾದರೆ ನೀನೇ ಅಲ್ಲಿಗೆ ಬಾ ಎಂದೂ ಗಂಡನಿಗೆ ಹೇಳಿದಳು. ಅತ್ತ ದರಿ ಇತ್ತ ಪುಲಿ ಎಂಬಂತಾದ ಕೊಟ್ರೇಶ ಎರಡು ದಿನ ಉಣ್ಣಲಿಲ್ಲ.

ಶನಿವಾರ ಅವನೇ ನನ್ನ ಮನೆಗೆ ಬಂದ. ಹಲಗೆಯನ್ನು ಮೊದಲಿದ್ದ ಹಾಗೆ ಮಾಡಿಬಿಡಿ ಅಕ್ಕಾ, ಎಲ್ಲಾ ಅದರಿಂದಲೇ ಶುರುವಾದದ್ದು ಎಂದ. ನಾನು ಹೋಗಿ ಹೊರಹಲಗೆಯ ಹಿಂಬದಿ ಬಿಚ್ಚಿದೆ. ಮುಂದುಗಡೆ ಕಾಣುವುದು ಮನೆ ತುಂಬಿಕೊಂಡ ಪೂರ್ತಿ ಸಾಲು. ಬೆರಳು ನಿಜವಾಗಿ ಏನೇನು ಒತ್ತಿತು ಎಂಬುದು ಹಿಂಬದಿಯಲ್ಲಿರುತ್ತದೆ, ಅದನ್ನು ನೋಡುವುದು ನಾವು ಕಸುಬಿನವರು ಮಾತ್ರ. ಮಂಗಳವಾರದ ಲೆಕ್ಕ ಅಲ್ಲಿತ್ತು. ಬಾ, ಟ್ಯಾಬ್. ಬಾ, ಟ್ಯಾಬ್. ಮೂವತ್ತೇಳು ಸಲ. ಮೊದಮೊದಲು ಬಿಡುವಿಲ್ಲದೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ, ಕೊನೆಗೆ ಅರ್ಧ ಗಂಟೆಗೊಮ್ಮೆ.

ನೀರು ಬಿಡುವ ಹಟವಿದ್ದವರು ಹೀಗೆ ನಡುನಡುವೆ ಕಾದು ಒತ್ತುವುದಿಲ್ಲ. ಒಳಗೆ ಹೋಗಬೇಕು ಎನ್ನುವವರು, ಈ ಸಲವಾದರೂ ತೆರೆದೀತು ಎಂದು ಕಾದು ಒತ್ತುತ್ತಾರೆ. ಎರಡನೇ ಅಕ್ಷರ ಬರೆದಿದ್ದರೆ ಸಾಕಿತ್ತು, ಬಾಗಿಲು ತೆರೆಯುತ್ತಿತ್ತು. ನಾನೇ ಹೇಳಿಕೊಟ್ಟಿದ್ದೆ, ಅವರು ತಲೆಯಾಡಿಸಿದ್ದರು. ಮೂವತ್ತೇಳು ಸಲದಲ್ಲಿ ಒಂದು ಸಲವೂ ಎರಡನೇ ಅಕ್ಷರವಿಲ್ಲ. ಬರುತ್ತಿದ್ದರೆ ತಾನೇ ಬರೆಯುವುದು? ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯ ಅರ್ಥವನ್ನು ನನಗೆ ಶಾಲೆಯಲ್ಲಿ ಬಿಡಿಸಿ ಹೇಳಿದವರು ಪಾಲಾಕ್ಷಪ್ಪ ಮೇಷ್ಟ್ರೇ. ಹಲಗೆ ಅಳಿಸಲು ಬಂದ ದಿನ ಹಾಲಮ್ಮನವರು ಅಡ್ಡ ನಿಂತದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಗಂಡನ ಸಾಲು ಹೋದರೆ ಅವರು ತಮ್ಮ ಮನೆಯೊಳಗೇ ಕುರುಡರಾಗುತ್ತಿದ್ದರು.

ಅಡುಗೆಮನೆಗೆ ಹೋದೆ. ಹಾಲಮ್ಮನವರು ಅವರೆಕಾಯಿ ಸುಲಿಯುತ್ತಿದ್ದರು. ಹಳೆಯ ಸಾಲುಗಳನ್ನು ಮತ್ತೆ ಮುಂದಕ್ಕೆ ತರುತ್ತೇನೆ ಎಂದೆ. ಬೇಡ ಎಂದರು, ಅವಳು ಇಷ್ಟಪಟ್ಟು ಮಾಡಿಸಿಕೊಂಡದ್ದು, ಅದನ್ನೂ ಕಿತ್ತರೆ ಅವಳು ಹೋಗೇ ಹೋಗುತ್ತಾಳೆ ಎಂದರು.

"ಮತ್ತೆ ನೀವು ಒಳಗೆ ಹೆಂಗೆ ಬರ್ತೀರಮ್ಮಾ?"

"ಅವಳು ಬರೋವರೆಗೆ ಹೊರಗೆ ಕೂತಿರ್ತೀನಿ."

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ನನಗೆ ಗೊತ್ತಾಗಿದೆ ಎಂಬುದು ಅವರಿಗೂ ಗೊತ್ತಾಯಿತು. ಸೌಭಾಗ್ಯಳಿಗೆ ಹೇಳಿಬಿಡಿ, ಅವಳು ಒಳ್ಳೆಯ ಹುಡುಗಿ ಎಂದು ಬೇಡಿಕೊಂಡೆ. ಅವರು ಇನ್ನೊಂದು ಕಾಯಿ ಸುಲಿದರು. ನಿಮ್ಮ ಕಸುಬಿನವರು ಬಾಯಿ ಬಿಡುವುದಿಲ್ಲ ಅಲ್ಲವೇ ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಹಲಗೆಯನ್ನು ಹಾಗೇ ಮುಚ್ಚಿ ಹೊರಗೆ ಬಂದೆ. ಸೌಭಾಗ್ಯ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದಳು, ಅವಳ ಪಕ್ಕದಲ್ಲೇ ಹಾದು ಬಂದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಭಾನುವಾರ ನನಗೆ ಕಟ್ಟಳೆ ಕಲಿಸಿದ ನಮ್ಮಮ್ಮನ ಮೇಲೂ ಕೋಪ ಬಂತು. ಇದ್ದಬದ್ದ ಪಾತ್ರೆಯನ್ನೆಲ್ಲ ಕೆಳಗಿಳಿಸಿ ತಿಕ್ಕಿದೆ.

ಸೋಮವಾರ ಬೆಳಿಗ್ಗೆ ತಡೆಯಲಾಗದೆ, ಹಲಗೆಯ ತಿರುಪು ಬಿಗಿ ಮಾಡುವುದಿದೆ ಎಂಬ ನೆಪ ತೆಗೆದು ಹೋದೆ. ಬಸ್ ನಿಲ್ದಾಣಕ್ಕೆ ಬಿಡಲು ಕೊಟ್ರೇಶ ವ್ಯಾನು ಚಾಲೂ ಮಾಡಿ ಕೂತಿದ್ದ. ಸೌಭಾಗ್ಯ ಪೆಟ್ಟಿಗೆ ಹಿಡಿದು ಹೊರಬಾಗಿಲಿಗೆ ಬಂದಳು. ಅತ್ತೆಗೆ ನಮಸ್ಕಾರ ಮಾಡಬೇಕೋ ಬೇಡವೋ ಎಂದು ಒಂದು ಗಳಿಗೆ ನಿಂತು, ಬೇಡವೆಂದುಕೊಂಡು ಮೆಟ್ಟಿಲಿಳಿದಳು. ಹಾಲಮ್ಮನವರು ಅವಳ ಹಿಂದೆಯೇ ಹೊರಗೆ ಬಂದರು. ಬಾಗಿಲು ಅವರ ಬೆನ್ನ ಹಿಂದೆ ಮುಚ್ಚಿಕೊಂಡಿತು.

"ಒಂದು ನಿಮಿಷ ನಿಂತ್ಕೊ," ಎಂದರು.

ಸೌಭಾಗ್ಯ ತಿರುಗಿದಳು. ಹಾಲಮ್ಮನವರು ಹಲಗೆಯ ಮುಂದೆ ನಿಂತು ಬಾ ಎಂಬ ಗುಂಡಿಯನ್ನು ಒತ್ತಿದರು. ಟ್ಯಾಬ್ ಒತ್ತಲಿಲ್ಲ. ಬೆರಳು ಮುಂದಿನ ಗುಂಡಿಗಳ ಮೇಲೆ ಆಚೆ ಈಚೆ ಓಡಾಡಿತು, ಎಲ್ಲೂ ಇಳಿಯಲಿಲ್ಲ. ಆಮೇಲೆ ಕೈ ಕೆಳಗಿಳಿಸಿ ಸೊಸೆಯ ಕಡೆ ನೋಡದೆ ಹೇಳಿದರು.

"ನಂಗೆ ಬರೋದು ಇಷ್ಟೇ ಕಣೇ. ಇಂಥವು ಐದು ಗುಂಡಿ ಗೊತ್ತು. ಬಾಗಿಲು ತೆಗೆಯೋದು, ಹಾಕೋದು, ನೀರು, ದೀಪ, ಒಲೆ. ಅವರು ಬೆರಳು ಹಿಡಿದು ತೋರ್ಸಿದ್ರು, ಇಷ್ಟು ಸಾಕು ನಿಂಗೆ ಅಂದ್ರು. ಉಳಿದಿದ್ದು ಏನು ಬರ್ಕೊಳುತ್ತೋ ಮನೆ, ನಂಗೆ ಓದೋಕೆ ಬರಲ್ಲ."

ಸೌಭಾಗ್ಯಳಿಗೆ ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಅವಳು ಹಲಗೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು, ಮೆಟ್ಟಿಲನ್ನು ನೋಡಿದಳು.

"ಅವತ್ತು ಮೂರು ಗಂಟೆ ಹೊತ್ತು ಬಿಸ್ಲಲ್ಲಿ... ಯಾರನ್ನಾದ್ರೂ ಕೇಳ್ಬಾರ್ದಿತ್ತಾ ಅತ್ತೆ? ಬೀದಿ ತುಂಬ ಜನ ಇದ್ರಲ್ಲ."

"ಮೇಷ್ಟ್ರ ಹೆಂಡ್ತಿ ಕಣೇ ನಾನು."

ನಾನು ತಿರುಪುಳಿ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಕಣ್ಣೀರು ಹಾಕಿದೆ. ನಲವತ್ತು ವರ್ಷ ಆ ಹೆಂಗಸು ಮದುವೆ ಕಾಗದಗಳನ್ನು ತಲೆಕೆಳಗಾಗದಂತೆ ಹಿಡಿಯಲು, ಸಹಿ ಹಾಕುವ ಕಡೆ ಕೈ ನೋವೆನ್ನಲು, ದೇವರ ಪುಸ್ತಕದ ಹಾಳೆಯನ್ನು ಸರಿಯಾದ ಹೊತ್ತಿಗೆ ಮಗುಚಲು ಎಷ್ಟು ಎಚ್ಚರವಾಗಿದ್ದಿರಬೇಕು. ಸೌಭಾಗ್ಯ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು. ಹಾಲಮ್ಮನವರೂ ಕೂತರು. ಸ್ವಲ್ಪ ಹೊತ್ತಿಗೆ ಕೊಟ್ರೇಶ ವ್ಯಾನಿನ ಎಂಜಿನ್ ಆರಿಸಿದ.

ಮೊದಲು ಎದ್ದವಳು ಸೌಭಾಗ್ಯ. ಕಣ್ಣೊರೆಸಿಕೊಂಡು, ನಾಗವೇಣಕ್ಕಾ, ಈಗಲೇ ಎಲ್ಲವನ್ನೂ ಹಳೆಯ ರೀತಿ ಮಾಡಿಕೊಡಿ, ನನಗೆ ಬರೆಯಲು ಬರುತ್ತದೆ, ಪೂರ್ತಿ ಬರೆದುಕೊಳ್ಳುತ್ತೇನೆ ಎಂದಳು. ಹಾಲಮ್ಮನವರು ಕೂಡದು ಎಂದರು. ಕೈಯಲ್ಲಿ ಬಟ್ಟೆ ಹಿಡಿದು ಓಡಾಡುವವಳು ಅವಳು, ಅವಳಿಗೇ ಬೇಗ ಆಗಬೇಕು, ನಾನು ಕಾಯುತ್ತೇನೆ ಎಂದರು. ಮೊನ್ನೆಯವರೆಗೆ ಒಬ್ಬರ ಸಾಲಿಗೆ ಒಬ್ಬರು ಅಡ್ಡ ಬರುತ್ತಿದ್ದವರು ಈಗ ತಮ್ಮ ಸಾಲನ್ನು ತಾವೇ ಹಿಂದಕ್ಕೆ ತಳ್ಳಲು ನನ್ನೆದುರು ಜಗಳಕ್ಕೆ ನಿಂತರು. ಕರೆದವರ ಮಾತು ಕೇಳು ಎಂಬ ಕಟ್ಟಳೆಯನ್ನು ಇಲ್ಲಿ ಪಾಲಿಸುವುದಾದರೂ ಹೇಗೆ?

ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ಓದಲು ಬರದಿದ್ದರೇನು, ಈ ಹೆಂಗಸಿಗೆ ಎಣಿಸಲು ಬರುತ್ತದೆ. ಮೊಳಕ್ಕೆ ಇಷ್ಟು ಹೂ ಎಂದು ಕಣ್ಣುಮುಚ್ಚಿ ಕಟ್ಟುವವರು. ಟ್ಯಾಬ್ ಒತ್ತಿದೊಡನೆ ಮನೆ ಕೆಲಸಕ್ಕೆ ಹೊರಡದಂತೆ, ಮೂರು ಉಸಿರು ಕಾಯುವಂತೆ ತಿದ್ದಿದೆ. ಒಂದು ಸಲ ಒತ್ತಿ ಬಿಟ್ಟರೆ ಒಬ್ಬರ ಸಾಲು. ಅಷ್ಟರೊಳಗೆ ಇನ್ನೊಂದು ಸಲ ಒತ್ತಿದರೆ ಮೊದಲನೆಯದು ಸರಿದು ಇನ್ನೊಬ್ಬರ ಸಾಲು. ಹಾಲಮ್ಮನವರು ನನ್ನೆದುರೇ ಹತ್ತು ಸಲ ಒತ್ತಿ ನೋಡಿದರು. ಬಾಗಿಲು ಹತ್ತು ಸಲವೂ ತೆರೆಯಿತು. ಹತ್ತನೇ ಸಲ ತೆರೆದಾಗ ಅವರು ಸಣ್ಣ ಹುಡುಗಿಯ ಹಾಗೆ ನಕ್ಕರು.

ಮೊದಲ ಒತ್ತು ಅತ್ತೆಯದೇ ಆಗಬೇಕೆಂದು ಸೌಭಾಗ್ಯ ಹಟ ಹಿಡಿದು ಗೆದ್ದಳು. ಸಂಜೆ ಎಂಟರವರೆಗೆ ಬಾಗಿಲು ತೆರೆದಿಡುವುದಕ್ಕೆ ಹಾಲಮ್ಮನವರು ತಾವಾಗಿಯೇ ಒಪ್ಪಿದರು. ಬಂದುಹೋಗುವವರ ಸದ್ದು ಕೇಳುತ್ತಾ ಹೂ ಕಟ್ಟಬಹುದಲ್ಲ ಎಂದರು. ಮಿಕ್ಕ ಅಕ್ಷರಗಳಿಗೆ ಮೇಷ್ಟ್ರ ಸಾಲುಗಳನ್ನು ಮುಂದಕ್ಕೆ ತರಲು ನಾನು ಕೂತೆ. ಸೌಭಾಗ್ಯ ನನ್ನ ಭುಜ ಹಿಡಿದು ತಡೆದಳು.

"ತಡೀರಿ ಅಕ್ಕಾ. ಇವೆಲ್ಲ ಮಾವನೋರಿಗೆ ಬೇಕಾಗಿದ್ದು." ಆಮೇಲೆ ಅತ್ತೆಯ ಕಡೆ ತಿರುಗಿದಳು. "ನಿಮಗೆ ಏನು ಬೇಕು ಅತ್ತೆ?"

ಹಾಲಮ್ಮನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗಾ ಎಂದರು. ಸೌಭಾಗ್ಯ ನೀ ಎಂಬ ಗುಂಡಿಯನ್ನು ತೋರಿಸಿ ಅದರ ಸಾಲನ್ನು ಓದಿ ಹೇಳಿದಳು: ನೀರು ಐದಕ್ಕೆ ಕಾಯಲಿ. ಮೇಷ್ಟ್ರು ಹೋಗಿ ಎರಡು ವರ್ಷವಾಗುತ್ತಾ ಬಂದಿತ್ತು. ದಿನವೂ ಐದಕ್ಕೆ ನೀರು ಕಾದಿತ್ತು, ದಿನವೂ ಐದಕ್ಕೆ ಹಾಲಮ್ಮನವರು ಎದ್ದಿದ್ದರು.

"ಐದಕ್ಕೆ ಏಳೋದು ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ ಕಣೇ," ಎಂದರು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ.

"ಎಷ್ಟಕ್ಕೆ ಬರೀಲಿ?"

"ಎಂಟಕ್ಕೆ." ಕೇಳಿದ್ದು ಹೆಚ್ಚಾಯಿತೇನೋ ಎಂದು ತಕ್ಷಣ ಅಳುಕಿದರು. "ಏಳೂವರೆ ಆದ್ರೂ ಪರ್ವಾಗಿಲ್ಲ."

ಸೌಭಾಗ್ಯ ನನ್ನ ಕೈ ಸರಿಸಿ ತಾನೇ ಹಲಗೆಯ ಮುಂದೆ ಕೂತಳು. ಟ್ಯಾಬ್ ಮುಟ್ಟದೆ, ಒಂದೊಂದೇ ಅಕ್ಷರವನ್ನು ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾ ಬರೆದಳು: ನೀರು ಎಂಟಕ್ಕೆ ಕಾಯಲಿ.